ಒಣ ಗಾಜಿನ ಮೇಲೆ ವೈಪರ್

ಡ್ರೈವರಣ್ಣನಿಗೆ ಈ ವಯಸ್ಸಿನಲ್ಲಿ ಎಲ್ಲೋ ಒಂದು ‘ಸಂಬಂಧ’ ಇದೆ ಎಂದು ಡಿಪೋ ತುಂಬ ಸಾರಿದವನು ಅವನ ಬಸ್ಸಿನ ಕಂಡಕ್ಟರೇ. ಅದೇ ಕಂಡಕ್ಟರ್ ಈಗ ಇದನ್ನು ಬರೆಯುತ್ತಿದ್ದಾನೆ. ಅವತ್ತು ಹೋದ ಮರ್ಯಾದೆ ಇನ್ನೂ ಪೂರ್ತಿ ವಾಪಸು ಬಂದಿಲ್ಲವಾದ್ದರಿಂದ ‘ನಾನು’ ಎನ್ನಲು ನಾಲಿಗೆ ಹೊರಳುತ್ತಿಲ್ಲ. ಕಂಡಕ್ಟರ್ ಎಂದೇ ಇರಲಿ.

ಆಗ ಅವನಿಗೆ ಕೆಲಸ ಸಿಕ್ಕಿ ಐದು ತಿಂಗಳು. ಹೊಸ ಯೂನಿಫಾರ್ಮು, ಹೊಸ ಸೀಟಿ, ಲೋಕವೆಲ್ಲ ತನಗೆ ಅರ್ಥವಾಗಿಬಿಟ್ಟಿದೆ ಎಂಬ ಹೊಸ ನಂಬಿಕೆ. ಡ್ರೈವರಣ್ಣನ ಜೊತೆ ಡ್ಯೂಟಿ ಬಿದ್ದು ಎರಡು ವಾರವಾಗಿತ್ತು. ಡ್ರೈವರಣ್ಣ ನಲವತ್ತೆಂಟರ ಮನುಷ್ಯ. ಹತ್ತೊಂಬತ್ತು ವರ್ಷದಿಂದ ಅದೇ ಹನ್ನೊಂದನೇ ನಂಬರಿನ ರೂಟು. ಏನಾದರೂ ಕೇಳಿದರೆ ಉತ್ತರ ಕೊಡುವ ಬದಲು ಗೇರ್ ಬದಲಿಸುವವನು. ಇಂಥವನು ಕೊನೇ ಸ್ಟಾಪ್ ಬರುತ್ತಿದ್ದ ಹಾಗೆ ಸೀಟಿನ ಪಕ್ಕದ ಡಬ್ಬಿಯಿಂದ ಫೋನ್ ತೆಗೆದುಕೊಂಡು ಬಸ್ಸಿನ ಹಿಂಬದಿಗೆ ಹೋಗಿ ಒಬ್ಬನೇ ನಿಂತು ನೋಡುತ್ತಿದ್ದ. ಒಮ್ಮೊಮ್ಮೆ ನಗುತ್ತಿದ್ದ. ಒಮ್ಮೊಮ್ಮೆ ಕರವಸ್ತ್ರ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ, ಅದೂ ಕಣ್ಣಿನ ಸುತ್ತ ಮಾತ್ರ.

ಒಂದು ದಿನ ಫೋನನ್ನು ಬಾನೆಟ್ ಮೇಲೆ ಬಿಟ್ಟು ನೀರು ತುಂಬಿಸಿಕೊಳ್ಳಲು ಹೋದ. ಪರದೆ ಬೆಳಗಿತು. ಕಳಿಸಿದವರ ಹೆಸರಿನ ಜಾಗದಲ್ಲಿ ‘ಮೂರನೇ ಮಹಡಿ’ ಎಂದಿತ್ತು. ಕೆಳಗೆ: ‘ಈಗ ಎದ್ದಳು. ನಿಮ್ಮನ್ನೇ ಕೇಳುತ್ತಿದ್ದಾಳೆ.’

ಕಂಡಕ್ಟರ್‌ಗೆ ಅಷ್ಟು ಸಾಕಾಯಿತು. ಕ್ಯಾಂಟೀನಿನಲ್ಲಿ ಮೆಕ್ಯಾನಿಕ್ ಒಬ್ಬನಿಗೆ, ಅದೂ ಆಣೆ ಹಾಕಿಸಿಕೊಂಡು, ಹೇಳಿದ. ಸಂಜೆಯೊಳಗೆ ಟೈರ್ ವಿಭಾಗದವರಿಗೂ ಗೊತ್ತಾಗಿತ್ತು. ಬಸ್ಸುಗಳ ವೇಳೆ ನೋಡುವ ಕಂಟ್ರೋಲರ್ ಕರೆದು, “ಯಾವ ಕಡೆ ಮನೆಯಪ್ಪ ಅದು, ಮೂರನೇ ಮಹಡಿ?” ಎಂದು ಕೇಳಿದಾಗ ಗೊತ್ತಿಲ್ಲ ಎನ್ನುವುದು ಅವಮಾನವೆನಿಸಿ, “ಬಾಲ್ಕನೀಲಿ ಹೂವಿನ ಕುಂಡ ಇಟ್ಟಿದಾರೆ ಸರ್” ಎಂದುಬಿಟ್ಟ.

ಆ ವಾರವೇ ಸುತ್ತೋಲೆ ಬಂತು. ಡ್ರೈವರ್‌ಗಳು ಫೋನನ್ನು ಹತ್ತಿರ ಇಟ್ಟುಕೊಳ್ಳುವಂತಿಲ್ಲ, ಡ್ಯೂಟಿ ಮುಗಿಯುವವರೆಗೆ ಅದು ಕಂಡಕ್ಟರ್ ಬಳಿ ಇರಬೇಕು. ಮರುದಿನ ಬೆಳಿಗ್ಗೆ ಡ್ರೈವರಣ್ಣ ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಬಂದ. ಕೊಡಬೇಕೋ ಬೇಡವೋ ಎಂದು ಒಂದು ಗಳಿಗೆ ನಿಂತು, ಆಮೇಲೆ ಕೊಟ್ಟ.

“ಮೂರನೇ ಮಹಡಿಯಿಂದ ಏನಾದ್ರೂ ಬರುತ್ತೆ. ಓದಿ ಹೇಳು. ಆದ್ರೆ ಗಾಡಿ ನಿಂತು ಹ್ಯಾಂಡ್ ಬ್ರೇಕ್ ಎಳೆದ ಮೇಲೇನೇ ಹೇಳ್ಬೇಕು. ಓಡ್ತಿರುವಾಗ ಬೇಡ.”

“ಅಣ್ಣಾ, ಅಂಥದ್ದನ್ನೆಲ್ಲ ನಾನು ಓದೋದು... ಚೆನ್ನಾಗಿರಲ್ಲ.”

“ಯಾಕೆ, ಓದೋಕೆ ಬರಲ್ವಾ?”

ಎರಡನೇ ಸ್ಟಾಪಿನಲ್ಲೇ ಮೊದಲ ಸುದ್ದಿ ಬಂತು. ಈ ಸಲ ಪರದೆ ಪೂರ್ತಿ ತೆರೆದಿತ್ತು. ಮೇಲೆ ಆಸ್ಪತ್ರೆಯ ಗುರುತು. ‘ಮಕ್ಕಳ ವಿಭಾಗ, ಮೂರನೇ ಮಹಡಿ, ಹಾಸಿಗೆ ಹನ್ನೆರಡು. ವಯಸ್ಸು ಆರು.’ ಅದರ ಕೆಳಗೆ, ‘ತಾಪಮಾನ ನೂರಕ್ಕಿಂತ ಸ್ವಲ್ಪ ಹೆಚ್ಚು. ಆಹಾರ ಅರ್ಧ ಸೇವಿಸಲಾಗಿದೆ. ರಕ್ತದ ಮಾದರಿ ಪಡೆಯಲಾಗಿದೆ.’

ಹ್ಯಾಂಡ್ ಬ್ರೇಕ್ ಎಳೆದ ಸದ್ದಾಯಿತು. ಡ್ರೈವರಣ್ಣ ತಿರುಗಿ ನೋಡದೆ, ಕನ್ನಡಿಯಲ್ಲೇ ಕೇಳಿದ. “ಏನಂತೆ?”

ಕಂಡಕ್ಟರ್‌ಗೆ ನೆಲ ಬಾಯಿಬಿಟ್ಟರೆ ಸಾಕಿತ್ತು. ಬಸ್ಸಿನ ನೆಲ ಗಟ್ಟಿಯಾಗಿತ್ತು. “ಸ್ವಲ್ಪ ಮೈ ಬಿಸಿ ಇದೆಯಂತೆ ಅಣ್ಣ. ಅರ್ಧ ಊಟ ಮಾಡಿದ್ಲಂತೆ. ರಕ್ತ ತಗೊಂಡ್ರಂತೆ.”

“ಅತ್ಲಂತಾ?”

“ಅದು... ಬರೆದಿಲ್ಲ.”

“ಹೂಂ. ಅದನ್ನ ಬರೆಯಲ್ಲ ಅವರು.” ಬ್ರೇಕ್ ಸಡಿಲವಾಯಿತು. ಬಸ್ಸು ಹೊರಟಿತು. ಮುಂದಿನ ಸ್ಟಾಪಿನಲ್ಲಿ ನಿಲ್ಲಿಸಿ, ಮತ್ತೆ ಅದೇ ಕನ್ನಡಿಯಲ್ಲಿ ನೋಡುತ್ತ ಕೇಳಿದ: “ಬಾಲ್ಕನೀಲಿ ಹೂವಿನ ಕುಂಡ ಬೇರೆ ಇತ್ತಂತೆ?”

ಅವತ್ತಿನಿಂದ ಕಂಡಕ್ಟರ್‌ಗೆ ಡ್ರೈವರಣ್ಣನ ಬಾಯಲ್ಲಿ ‘ರೇಡಿಯೋ’ ಎಂಬ ಹೆಸರು ಬಿತ್ತು. ಬೇಡ ಎನ್ನುವ ಹಕ್ಕು ಅವನಿಗಿರಲಿಲ್ಲ.

ವಿಷಯ ಗೊತ್ತಾಗಿದ್ದು ಚೂರು ಚೂರಾಗಿ, ಸ್ಟಾಪಿನಿಂದ ಸ್ಟಾಪಿಗೆ. ಮದುವೆಯಾಗಿ ಹತ್ತು ವರ್ಷಕ್ಕೆ ಹುಟ್ಟಿದ ಮಗಳು. ಹುಟ್ಟಿದಾಗ ಅತ್ತ ಜೋರಿಗೆ ಡ್ರೈವರಣ್ಣ ಅವಳನ್ನು ‘ಹಾರ್ನು’ ಎಂದು ಕರೆದಿದ್ದ. ಮನೆಯಲ್ಲಿ ಈಗಲೂ ಅದೇ ಹೆಸರು. ರಕ್ತದ ಕಾಯಿಲೆ. ಈಗ ಕೊಡುತ್ತಿರುವ ಚಿಕಿತ್ಸೆಯಲ್ಲಿ ಮೈಯೊಳಗಿನ ತಡೆದುಕೊಳ್ಳುವ ಶಕ್ತಿಯನ್ನೆಲ್ಲ ಮೊದಲು ತೆಗೆದುಹಾಕುತ್ತಾರೆ, ಆಮೇಲೆ ಹೊಸದಾಗಿ ಬೆಳೆಯಲು ಬಿಡುತ್ತಾರೆ. ಅಲ್ಲಿಯವರೆಗೆ ನೆಗಡಿಯೂ ಅವಳ ಪಾಲಿಗೆ ಲಾರಿ ಇದ್ದ ಹಾಗೆ. ಆದ್ದರಿಂದ ಗಾಜಿನ ಬಾಗಿಲ ಹಿಂದೆ ಮಗುವಿನ ಜೊತೆ ಒಬ್ಬರು ಮಾತ್ರ. ಹೋದವರು ಹೊರಗೆ ಬರುವಂತಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿಲ್ಲ. ನಲವತ್ತು ದಿನ. ಅಮ್ಮ ಒಳಗೆ ಹೋದಳು. ದಿನಕ್ಕೆ ಐನೂರು ಜನರ ಕೆಮ್ಮು ಹೊತ್ತು ತಿರುಗುವ ಅಪ್ಪ ಹೊರಗೆ ಉಳಿದ.

ಹೊರಗೆ ಉಳಿದವರಿಗಾಗಿ ಆಸ್ಪತ್ರೆಯವರು ಫೋನಿನಲ್ಲಿ ಈ ಸುದ್ದಿ ವ್ಯವಸ್ಥೆ ಮಾಡಿದ್ದರು. ನರ್ಸ್ ಕೈಯಲ್ಲಿ ಒಂದು ಹಲಗೆಯಂಥ ಪರದೆ. ಅದರಲ್ಲಿ ಸಿದ್ಧ ವಾಕ್ಯಗಳ ಗುಂಡಿಗಳು. ಒತ್ತಿದರೆ ಮನೆಯವರ ಫೋನಿಗೆ ಬಂದು ಬೀಳುತ್ತದೆ: ‘ಆಹಾರ ಸೇವಿಸಲಾಗಿದೆ.’ ‘ಔಷಧ ನೀಡಲಾಗಿದೆ.’ ‘ಮಗು ವಿಶ್ರಾಂತಿಯಲ್ಲಿದೆ.’ ಕೈ ಬಿಡುವಿದ್ದ ನರ್ಸ್ ಆದರೆ ತಾನೇ ಒಂದು ಸಾಲು ಬರೆಯುತ್ತಿದ್ದಳು. ‘ನಿಮ್ಮನ್ನೇ ಕೇಳುತ್ತಿದ್ದಾಳೆ’ ಎಂಬುದು ಅಂಥದ್ದು. ಸಂಜೆ ನಾಲ್ಕಕ್ಕೆ ಐದು ನಿಮಿಷ ಮಗುವಿನ ಮುಖವನ್ನೂ ತೋರಿಸುತ್ತಿದ್ದರು. ಸಂಜೆ ನಾಲ್ಕಕ್ಕೆ ಹನ್ನೊಂದನೇ ನಂಬರಿನ ಬಸ್ಸು ಊರಿನ ಅತಿ ಇಕ್ಕಟ್ಟಿನ ಚೌಕದಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಬೇರೆ ಡ್ಯೂಟಿ ಕೇಳಬಹುದಿತ್ತಲ್ಲ ಎಂದರೆ, ಆ ಡ್ಯೂಟಿಯ ರೂಟು ಆಸ್ಪತ್ರೆಯ ಮುಂದೆ ಹಾಯುತ್ತಿರಲಿಲ್ಲ. ಹನ್ನೊಂದು ಹಾಯುತ್ತಿತ್ತು, ದಿನಕ್ಕೆ ಎಂಟು ಸಲ. ಐದು ನಿಮಿಷದ ಮುಖವೋ, ಎಂಟು ಸಲದ ಗೋಡೆಯೋ ಎಂದು ಲೆಕ್ಕ ಹಾಕಿ ಡ್ರೈವರಣ್ಣ ಗೋಡೆಯನ್ನು ಆರಿಸಿಕೊಂಡಿದ್ದ.

ಕಂಡಕ್ಟರ್ ಸುದ್ದಿ ಓದುವುದರಲ್ಲಿ ಪಳಗಿದ. ಆಸ್ಪತ್ರೆಯ ಭಾಷೆಯನ್ನು ಇದ್ದ ಹಾಗೇ ಓದಿದರೆ ಡ್ರೈವರಣ್ಣನ ಹುಬ್ಬು ಗಂಟಾಗುತ್ತಿತ್ತು. “ಸೇವಿಸಲಾಗಿದೆ ಅಂದ್ರೆ ಯಾರು ಸೇವಿಸಿದ್ದು?” ಎಂದು ಕೇಳುತ್ತಿದ್ದ. ಹಾಗಾಗಿ ಕಂಡಕ್ಟರ್ ಅದನ್ನು ಮನೆ ಮಾತಿಗೆ ಇಳಿಸಿ ಹೇಳುತ್ತಿದ್ದ. ‘ಆಹಾರ ನಿರಾಕರಿಸಲಾಗಿದೆ’ ಎಂದಿದ್ದರೆ “ತಟ್ಟೆ ತಳ್ಳಿದ್ಲಂತೆ ಅಣ್ಣ.” ‘ಮಗು ವಿಶ್ರಾಂತಿಯಲ್ಲಿದೆ’ ಎಂದಿದ್ದರೆ “ಗೊರಕೆ ಹೊಡೀತಿದಾಳಂತೆ.” ಗೊರಕೆ ಇವನ ಸ್ವಂತ ಸೇರ್ಪಡೆ. ಡ್ರೈವರಣ್ಣನಿಗೂ ಅದು ಗೊತ್ತಿತ್ತು. ಆದರೂ ಅಷ್ಟರ ಮಟ್ಟಿಗೆ ಭುಜ ಸಡಿಲವಾಗುತ್ತಿತ್ತು.

ಮುಂದಿನ ಸೀಟಿನಲ್ಲಿ ದಿನಾ ಕೂರುವ ಹೊಲಿಗೆ ಅಕ್ಕ ಮೂರನೇ ದಿನಕ್ಕೇ ಪಾಲು ಕೇಳಿದಳು. ರೆಡಿಮೇಡ್ ಬಟ್ಟೆ ಹೊಲಿಯುವ ಜಾಗದಲ್ಲಿ ಕಾಲರ್ ಜೋಡಿಸುವವಳು, ಮಾತಿನಲ್ಲಿ ಮಾತ್ರ ಹೊಲಿಗೆಗಿಂತ ಕತ್ತರಿಯೇ ಹೆಚ್ಚು. “ಲೋ ಕಂಡಕ್ಟರ್, ಜೋರಾಗಿ ಹೇಳು. ನಾವೇನು ಟಿಕೆಟ್ ತಗೊಂಡಿಲ್ವಾ?” ಎಂದಳು. ಆಮೇಲೆ ಮಗು ತಟ್ಟೆ ತಳ್ಳಿದ ದಿನ ಮುಂದಿನ ನಾಲ್ಕು ಸೀಟಿನವರು ಏನು ಕೊಟ್ಟರೆ ತಿಂದೀತು ಎಂದು ಜಗಳವಾಡುತ್ತಿದ್ದರು.

ಇನ್ನು ವೈಪರ್ ವಿಷಯ.

ಆಸ್ಪತ್ರೆಯ ಮುಂದೆ ‘ಹಾರ್ನ್ ಮಾಡಬೇಡಿ’ ಎಂಬ ದೊಡ್ಡ ಫಲಕ. ಒಳಗೆ ಹಾರ್ನು ಮಲಗಿದ್ದಾಳೆ, ಹೊರಗೆ ಹಾರ್ನ್ ಮಾಡುವಂತಿಲ್ಲ. ಹೆಂಡತಿಯನ್ನು ಫೋನಿನಲ್ಲಿ ಡ್ರೈವರಣ್ಣ ಕೇಳಿದ್ದನಂತೆ, “ರೂಮಿಗೆ ಕಿಟಕಿ ಇದೆಯಾ?” “ಇದೆ” ಎಂದಿದ್ದಳಂತೆ. ಅಷ್ಟಕ್ಕೆ ಅವನು ರಸ್ತೆ ಕಡೆಯ ಮೂರನೇ ಮಹಡಿಯ ಕಿಟಕಿಗಳನ್ನು ಎರಡು ದಿನ ನೋಡಿ, ಎಡಗಡೆಯಿಂದ ಐದನೆಯದನ್ನು ಗೊತ್ತುಮಾಡಿಕೊಂಡ. ಅಲ್ಲಿ ಒಂದು ಪುಟ್ಟ ತಲೆ ಕಾಣುತ್ತಿತ್ತು, ಟೋಪಿ ಹಾಕಿದ್ದು. ಸ್ಟಾಪಿನಲ್ಲಿ ನಿಂತಾಗ ಕೈ ಬೀಸಿದರೆ ಮೇಲಿನಿಂದ ಕಾಣುವುದಿಲ್ಲ. ಲೈಟ್ ಹಾಕಿದರೆ ಹಗಲಲ್ಲಿ ಗೊತ್ತಾಗುವುದಿಲ್ಲ. ಒಂದು ದಿನ ವೈಪರ್ ಹಾಕಿದ. ಸುಡುಬಿಸಿಲಿನಲ್ಲಿ ಎರಡು ಉದ್ದನೆಯ ಕಪ್ಪು ಕೈಗಳು ಒಣ ಗಾಜಿನ ಮೇಲೆ ಕೀರ್ ಕೀರ್ ಎನ್ನುತ್ತ ಆ ಕಡೆ ಈ ಕಡೆ ಬೀಸಿದವು. ಮೇಲಿನ ಐದನೇ ಕಿಟಕಿಯಲ್ಲಿ ಎರಡು ಸಣ್ಣ ಕೈ ಮೇಲೆದ್ದು, ಅದೇ ಲಯಕ್ಕೆ ಆ ಕಡೆ ಈ ಕಡೆ ಬೀಸಿದವು.

“ಡ್ರೈವರೇ, ಮಳೆ ಎಲ್ರೀ?” ಎಂದು ಹಿಂದಿನಿಂದ ಯಾರೋ ಕೂಗಿದರು.

“ಬರುತ್ತೆ, ಕೂತ್ಕೊಳ್ಳಿ” ಎಂದ ಡ್ರೈವರಣ್ಣ. ಪ್ರಯಾಣಿಕರ ಜೊತೆ ಅವನು ಮಾಡಿದ ಮೊದಲ ತಮಾಷೆ.

ಹಾಗೆ ದಿನಕ್ಕೆ ಎಂಟು ಸಲ. ಬಸ್ಸು ಸ್ಟಾಪಿನಲ್ಲಿ ನಿಲ್ಲುವುದು ಅರ್ಧ ನಿಮಿಷ; ಕಂಡಕ್ಟರ್ ಇಳಿಯುವವರ ಚಿಲ್ಲರೆ ಹುಡುಕುವ ನೆಪದಲ್ಲಿ ಅದನ್ನು ಮುಕ್ಕಾಲು ಮಾಡುತ್ತಿದ್ದ. “ರೈಟ್” ಎನ್ನುವ ಮೊದಲು ಒಮ್ಮೆ ಮೇಲೆ ನೋಡುತ್ತಿದ್ದ. ಟೋಪಿ ತಲೆ ಇದ್ದರೆ ಸರಿ. ಇಲ್ಲದಿದ್ದರೆ ಡ್ರೈವರಣ್ಣ ಮುಂದಿನ ಮೂರು ಸ್ಟಾಪ್ ಯಾರಿಗೂ ಸೈಡ್ ಕೊಡುತ್ತಿರಲಿಲ್ಲ.

ಇಪ್ಪತ್ತಾರನೇ ದಿನ ಅಮ್ಮ ಒಂದು ಫೋಟೋ ಕಳಿಸಿದಳು. ಮಗಳು ಬರೆದ ಚಿತ್ರ. ಮೇಲೆ ದೊಡ್ಡ ಅಕ್ಷರದಲ್ಲಿ ‘ನನ್ನ ಕಿಟಕಿ’ ಎಂದಿತ್ತು. ಕೆಳಗೆ ಒಂದು ನೀರಿನ ಟ್ಯಾಂಕು, ಗೋಡೆಗುಂಟ ಇಳಿದ ಮೂರು ಪೈಪು, ಟ್ಯಾಂಕಿನ ಮೇಲೆ ಎರಡು ಪಾರಿವಾಳ. ರಸ್ತೆಯಿಲ್ಲ. ಬಸ್ಸಿಲ್ಲ.

ಕಂಡಕ್ಟರ್ ಫೋನನ್ನು ಕೈಗೆ ಕೊಟ್ಟ. ಇದನ್ನು ಮನೆ ಮಾತಿಗೆ ಇಳಿಸುವುದು ಅವನಿಂದಾಗಲಿಲ್ಲ. ಡ್ರೈವರಣ್ಣ ಚಿತ್ರವನ್ನು ದೊಡ್ಡದು ಮಾಡಿ ನೋಡಿದ, ಚಿಕ್ಕದು ಮಾಡಿ ನೋಡಿದ.

“ಟ್ಯಾಂಕು ಹಿಂದ್ಗಡೆ ಇರೋದು” ಎಂದ ಕೊನೆಗೆ. “ಕಾಂಪೌಂಡಿನ ಆಚೆ ಕಡೆ.”

“ಮತ್ತೆ ಅತ್ತಿಗೆ ಯಾಕೆ ಹೇಳಲಿಲ್ಲ ಅಣ್ಣ? ನೀವು ವೈಪರ್ ಹಾಕೋದು ಅವರಿಗೆ ಗೊತ್ತಲ್ಲ?”

“ದಿನಾ ಹೇಳ್ತಿದ್ದೆ ಅವಳಿಗೆ. ಇವತ್ತು ಎಂಟು ಸಲ ಕೈ ಬೀಸಿದ್ಲು, ಇವತ್ತು ಆರೇ ಸಲ ಅಂತ.” ಫೋನನ್ನು ವಾಪಸು ಕೊಟ್ಟ. “ಅಷ್ಟು ಖುಷೀಲಿ ಹೇಳೋನಿಗೆ ಏನಂತ ಹೇಳ್ತಾಳೆ ಪಾಪ.”

ಮುಂದಿನ ಟ್ರಿಪ್‌ನಲ್ಲಿ ಆಸ್ಪತ್ರೆ ಸ್ಟಾಪ್ ಬಂತು. ಕಂಡಕ್ಟರ್ ಮೇಲೆ ನೋಡಬಾರದು ಎಂದುಕೊಂಡೇ ನೋಡಿದ. ಐದನೇ ಕಿಟಕಿಯಲ್ಲಿ ಟೋಪಿ ತಲೆ ಕಾಯುತ್ತ ನಿಂತಿತ್ತು. ಕೈ ಆಗಲೇ ಮೇಲೆದ್ದಿತ್ತು. ಆಮೇಲೆ ಕೀರ್ ಎಂದಿತು. ವೈಪರ್ ಬೀಸತೊಡಗಿತು.

“ಅಣ್ಣಾ, ಅದು ಯಾರದೋ ಮಗು.”

“ಗೊತ್ತು. ಕಾಯ್ತಾ ನಿಂತಿದೆಯಲ್ಲ.”

ಆದರೆ ಆ ದಿನದ ನಂತರ ಡ್ರೈವರಣ್ಣ ಎಷ್ಟು ಸಲ ಕೈ ಬೀಸಿತು ಎಂಬುದನ್ನು ಎಣಿಸಲಿಲ್ಲ. ಮುಂದಿನ ಕೆಲವು ದಿನ ಸ್ಟಾಪ್ ದಾಟಿದ ಮೇಲೆ, ಕಾಂಪೌಂಡ್ ಮುಗಿಯುವ ಮೂಲೆಯಲ್ಲಿ, ಬಸ್ಸು ಸ್ವಲ್ಪ ನಿಧಾನವಾಗುತ್ತಿತ್ತು. ಅಲ್ಲಿಂದ ಎರಡು ಕಟ್ಟಡಗಳ ಸಂದಿಯಲ್ಲಿ ನೀರಿನ ಟ್ಯಾಂಕಿನ ಒಂದು ಅಂಚು ಕಾಣುತ್ತಿತ್ತು. ಅಷ್ಟೇ. ಟ್ಯಾಂಕಿನ ಅಂಚು ನೋಡಿ ಗಂಟಲು ಸರಿಮಾಡಿಕೊಳ್ಳುವ ಮನುಷ್ಯನನ್ನು ಕಂಡಕ್ಟರ್ ಮೊದಲ ಸಲ ಕಂಡದ್ದು. ಅವನನ್ನೇ ತಾನು ಬಾಲ್ಕನಿಯ ಹೂವಿನ ಕುಂಡದ ಕೆಳಗೆ ನಿಲ್ಲಿಸಿದ್ದನಲ್ಲ ಎಂದು ನೆನೆದು ಟಿಕೆಟ್ ಮೆಷಿನ್ ಮೇಲೆ ತಲೆ ಬಗ್ಗಿಸಿದ.

ಮೂವತ್ತೊಂದನೇ ದಿನ. ಬೆಳಗಿನ ಮೂರನೇ ಟ್ರಿಪ್, ಬಸ್ಸು ಕಿಕ್ಕಿರಿದಿತ್ತು. ಆಸ್ಪತ್ರೆಗೆ ಇನ್ನು ಮೂರು ಸ್ಟಾಪ್ ಇದ್ದಾಗ ಕಂಡಕ್ಟರ್ ಚೀಲದಲ್ಲಿ ಫೋನ್ ನಡುಗಿತು.

‘ಉಸಿರಾಟದಲ್ಲಿ ತೊಂದರೆ ಕಂಡುಬಂದಿದೆ. ಮಗುವನ್ನು ತೀವ್ರ ನಿಗಾ ಘಟಕಕ್ಕೆ ಸಾಗಿಸಲಾಗಿದೆ. ವೈದ್ಯರು ನಿಮ್ಮನ್ನು ಸಂಪರ್ಕಿಸುತ್ತಾರೆ.’

ಅದೂ ಸಿದ್ಧ ವಾಕ್ಯವೇ. ಅದಕ್ಕೂ ಒಂದು ಗುಂಡಿ ಇದೆ ಎಂಬುದು ಕಂಡಕ್ಟರ್‌ಗೆ ಅವತ್ತು ಗೊತ್ತಾಯಿತು.

ಬಸ್ಸು ನಿಂತಿತು. ಹ್ಯಾಂಡ್ ಬ್ರೇಕ್. ಕನ್ನಡಿಯಲ್ಲಿ ಎರಡು ಕಣ್ಣು. “ಏನೋ ರೇಡಿಯೋ, ಏನಂತೆ?”

ಕಂಡಕ್ಟರ್ ಆ ಕಣ್ಣು ನೋಡಿದ. ಆಮೇಲೆ ಅದರ ಕೆಳಗಿನ ಸ್ಟೇರಿಂಗ್ ನೋಡಿದ, ಅದರ ಮೇಲಿನ ಎರಡು ಕೈ ನೋಡಿದ, ಹಿಂದೆ ತಿರುಗಿ ಸರಳು ಹಿಡಿದು ನಿಂತವರನ್ನು ನೋಡಿದ. ಒಬ್ಬಳ ಸೊಂಟದ ಮೇಲೆ ಕೂಸಿತ್ತು. ಬಾಯಿ ತಾನೇ ತೆರೆಯಿತು.

“ಹೊಟ್ಟೆ ತುಂಬ ಊಟ ಮಾಡಿದ್ಲಂತೆ ಅಣ್ಣ. ಊಟ ಮಾಡಿ ಮಲಗಿದ್ಲಂತೆ.”

“ಗೊರಕೆ?” ಎಂದಳು ಹೊಲಿಗೆ ಅಕ್ಕ.

“ಗೊರಕೇನೂ” ಎಂದ ಕಂಡಕ್ಟರ್.

ಡ್ರೈವರಣ್ಣ ಕನ್ನಡಿಯಲ್ಲಿ ಇನ್ನೂ ಒಂದು ಗಳಿಗೆ ನೋಡಿದ. “ಹೌದಾ” ಎಂದ. ಬಸ್ಸು ಹೊರಟಿತು.

ಆಸ್ಪತ್ರೆ ಸ್ಟಾಪ್ ಬಂತು. ವೈಪರ್ ಕೀರ್ ಎಂದಿತು. ಐದನೇ ಕಿಟಕಿಯ ಟೋಪಿ ಕೈ ಬೀಸಿತು. ಚೀಲದಲ್ಲಿ ಫೋನ್ ಮತ್ತೆ ನಡುಗುತ್ತಿತ್ತು. ಈ ಸಲ ಕರೆ. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಈಗ ಹೇಳಿಬಿಡಲೇ ಎಂದು ಕಂಡಕ್ಟರ್ ಬಾಗಿಲಲ್ಲೇ ನಿಂತ. ಇಪ್ಪತ್ತು ಹೆಜ್ಜೆ ದೂರದಲ್ಲಿ ಆಸ್ಪತ್ರೆಯ ಗೇಟು. ಹೇಳಿದರೆ ಮನುಷ್ಯ ಬಸ್ಸನ್ನು ನಡುರಸ್ತೆಯಲ್ಲಿ ಬಿಟ್ಟು ಓಡುತ್ತಾನೆ. ಓಡಿದರೂ ಒಳಗೆ ಬಿಡುವುದಿಲ್ಲ. ಹೇಳದಿದ್ದರೆ? ಆ ಪ್ರಶ್ನೆಯನ್ನು ಮುಗಿಸುವ ಧೈರ್ಯ ಅವನಿಗಿರಲಿಲ್ಲ. ಡ್ರೈವರಣ್ಣ ತಿರುಗಿ ನೋಡಲಿ, ಇನ್ನೊಂದು ಮಾತು ಕೇಳಲಿ ಎಂದು ಕಾದ. ಅವನು ನೇರವಾಗಿ ರಸ್ತೆ ನೋಡುತ್ತಿದ್ದ. “ಏನಪ್ಪ, ನಿದ್ದೆ ಬಂತಾ?” ಎಂದು ಯಾರೋ ಬೈದರು.

“ರೈಟ್” ಎಂದ ಕಂಡಕ್ಟರ್. ದನಿ ಅವನದೇ ಅನಿಸಲಿಲ್ಲ.

ಅಲ್ಲಿಂದ ಕೊನೇ ಸ್ಟಾಪಿಗೆ ಒಂಬತ್ತು ಸ್ಟಾಪು. ಬಸ್ಸು ಅಷ್ಟು ಮೆತ್ತಗೆ ಎಂದೂ ಓಡಿರಲಿಲ್ಲ. ಹಳ್ಳ ಬಂದರೆ ತೊಟ್ಟಿಲಿನಂತೆ ಇಳಿದು ಏರುತ್ತಿತ್ತು. ಮುದುಕರು ಹತ್ತಿ ಕೂರುವವರೆಗೂ ಕಾಯುತ್ತಿತ್ತು. ಒಂದೇ ಒಂದು ವ್ಯತ್ಯಾಸ. ಆಸ್ಪತ್ರೆ ಸ್ಟಾಪಿನಲ್ಲಿ ಹಾಕಿದ ವೈಪರ್ ನಿಂತಿರಲಿಲ್ಲ.

ಕೀರ್. ಕೀರ್. ಕೀರ್.

“ಡ್ರೈವರೇ, ವೈಪರ್ ನಿಲ್ಸಿ, ಹಲ್ಲು ಜುಮ್ಮೆನ್ನುತ್ತೆ” ಎಂದರು ಜನ. ಅವನಿಗೆ ಕೇಳಲಿಲ್ಲ. ಹೊಲಿಗೆ ಅಕ್ಕ ತನ್ನ ಸ್ಟಾಪಿನಲ್ಲಿ ಇಳಿಯುವಾಗ ಡ್ರೈವರಣ್ಣನ ಬೆನ್ನು ನೋಡಿದಳು, ಆಮೇಲೆ ಕಂಡಕ್ಟರ್ ಮುಖ ನೋಡಿದಳು. ಅವತ್ತು ಕತ್ತರಿ ಆಡಿಸಲಿಲ್ಲ. “ಹುಷಾರು ಕಣೋ” ಎಂದಷ್ಟೇ ಹೇಳಿ ಇಳಿದಳು.

ಕೊನೇ ಸ್ಟಾಪ್. ಎಲ್ಲರೂ ಇಳಿದರು. ಇಂಜಿನ್ ನಿಂತಿತು. ಜೊತೆಗೆ ವೈಪರ್ ಕೂಡ, ಗಾಜಿನ ನಡುಮಧ್ಯ. ಡ್ರೈವರಣ್ಣ ಎದ್ದು ಬಂದು ಕೈ ಚಾಚಿದ.

“ಕೊಡು.”

ಕಂಡಕ್ಟರ್ ಕೊಟ್ಟ. ನಾಲ್ಕು ಕರೆ ತಪ್ಪಿದ್ದವು. ಡ್ರೈವರಣ್ಣ ಆ ಮೂರು ವಾಕ್ಯ ಓದಿದ. ಹೆಂಡತಿಗೆ ಫೋನ್ ಮಾಡಿದ. ಈ ಕಡೆಯಿಂದ ಕೇಳಿದ್ದು “ಹೂಂ”, “ಹೂಂ”, “ನೀನು ಅಳಬೇಡ, ಅವಳಿಗೆ ಕೇಳಿಸುತ್ತೆ” ಎಂಬುದಷ್ಟೇ. ಕಂಟ್ರೋಲರ್ ಕೈಗೆ ಕೀಲಿ ಕೊಟ್ಟ. ಕುಂಡದ ಕತೆ ಕೇಳಿ ನಕ್ಕಿದ್ದ ಅದೇ ಕಂಟ್ರೋಲರ್ ಏನೂ ಕೇಳದೆ ಬೇರೆ ಜೋಡಿಯನ್ನು ಕರೆದು, “ನೀನೂ ಹೋಗು ಜೊತೆಗೆ” ಎಂದು ಕಂಡಕ್ಟರ್‌ಗೆ ಹೇಳಿದ.

ಇಬ್ಬರೂ ಎದುರು ದಿಕ್ಕಿನ ಬಸ್ಸು ಹತ್ತಿದರು, ಪ್ರಯಾಣಿಕರಾಗಿ. ಹತ್ತೊಂಬತ್ತು ವರ್ಷದಲ್ಲಿ ಡ್ರೈವರಣ್ಣ ಈ ರೂಟಿನಲ್ಲಿ ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲಿರಬೇಕು. ಸಿಗ್ನಲ್ ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ನೆಲವನ್ನು ಒತ್ತುತ್ತಿತ್ತು. “ಅಣ್ಣಾ, ನಾನು...” ಎಂದು ಕಂಡಕ್ಟರ್ ಎರಡು ಸಲ ಶುರು ಮಾಡಿದ. ಎರಡು ಸಲವೂ ಕಾಲು ನೆಲ ಒತ್ತಿತು.

ಆಸ್ಪತ್ರೆಯ ಕೆಳಗಿನ ಹಾಲಿನಲ್ಲಿ ಸಾಲು ಕುರ್ಚಿ. ಎದುರು ಗೋಡೆಯ ಮೇಲೆ ದೊಡ್ಡ ಪರದೆ. ಅದರಲ್ಲಿ ಹೆಸರುಗಳಿಲ್ಲ, ಮಕ್ಕಳ ನಂಬರ್, ಪಕ್ಕದಲ್ಲಿ ಅವರಿರುವ ಸ್ಥಿತಿ. ಹಸಿರು ಎಂದರೆ ವಾರ್ಡು, ನೀಲಿ ಎಂದರೆ ಶಸ್ತ್ರಚಿಕಿತ್ಸೆ, ಕೆಂಪು ಎಂದರೆ ತೀವ್ರ ನಿಗಾ. ಅರವತ್ತು ಜನ ತಲೆ ಎತ್ತಿ ಅದನ್ನೇ ನೋಡುತ್ತಿದ್ದರು. ಯಾರದಾದರೂ ನಂಬರ್ ಬಣ್ಣ ಬದಲಿಸಿದರೆ ಯಾವುದೋ ಕುರ್ಚಿ ಕಿರ್ರೆನ್ನುತ್ತಿತ್ತು. ಡ್ರೈವರಣ್ಣ ಮೊಣಕಾಲಿನ ಮೇಲೆ ಕೈಯೂರಿ ಕೂತು ಪರದೆಯನ್ನು ಮೇಲಿನಿಂದ ಕೆಳಕ್ಕೆ ಓದಿದ. ಒಂಬತ್ತನೇ ಸಾಲಿನಲ್ಲಿ ಮಗಳ ನಂಬರ್. ಕೆಂಪು.

ಒಂದು ಗಂಟೆ ಕಳೆಯಿತು. ಇನ್ನೊಂದು. ಮಧ್ಯಾಹ್ನವೂ ಕಳೆಯಿತು. ಕಂಡಕ್ಟರ್ ತಂದ ಟೀ ಅವನ ಕೈಯಲ್ಲೇ ಆರಿತು.

“ನಮ್ಮ ಬಸ್ ಸ್ಟ್ಯಾಂಡಿನ ಬೋರ್ಡಿಗಿಂತ ವಾಸಿ ಇದು” ಎಂದ ಡ್ರೈವರಣ್ಣ ಇದ್ದಕ್ಕಿದ್ದಂತೆ. “ಇದ್ದದ್ದು ಇದ್ದ ಹಾಗೆ ಹೇಳುತ್ತೆ.”

ಕಂಡಕ್ಟರ್ ಆ ಏಟನ್ನು ಬಾಯಿ ಮುಚ್ಚಿಕೊಂಡು ತಿಂದ. ಅವನ ಪಾಲಿಗೆ ಅವತ್ತು ಸಿಕ್ಕ ಊಟ ಅದೊಂದೇ.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಒಂಬತ್ತನೇ ಸಾಲು ಒಮ್ಮೆ ಮಿನುಗಿತು. ಕೆಂಪು ಹಾಗೆಯೇ ಇತ್ತು. ಪಕ್ಕದಲ್ಲಿ ಮಾತ್ರ ಒಂದು ಪದ ಬಂದಿತ್ತು. ‘ಸ್ಥಿರ.’ ಡ್ರೈವರಣ್ಣ ಅದನ್ನು ನೋಡಿದ. ನಂಬಿಕೆ ಸಾಲದೆ ಕಂಡಕ್ಟರ್ ಕಡೆ ತಿರುಗಿ, “ಓದು” ಎಂದ.

“ಸ್ಥಿರ ಅಂತ ಇದೆ ಅಣ್ಣ. ಇದ್ದ ಹಾಗೇ ಓದ್ತಿದೀನಿ. ಸ್ಥಿರ.”

ನಾಲ್ಕಕ್ಕೆ ಸರಿಯಾಗಿ ಫೋನಿನಲ್ಲಿ ಕಿಟಕಿ ತೆರೆಯಿತು. ಮೂವತ್ತೊಂದು ದಿನದಲ್ಲಿ ಆ ಐದು ನಿಮಿಷಕ್ಕೆ ಅವನು ಬಸ್ಸಿನ ಹೊರಗಿದ್ದದ್ದು ಇದೇ ಮೊದಲು. ಮೂಗಿಗೆ ಕೊಳವೆ, ಕೂದಲಿಲ್ಲದ ತಲೆ, ಬೆಳ್ಳಗಿನ ದಿಂಬು. ಇಷ್ಟು ಚಿಕ್ಕವಳಾಗಿದ್ದಳೇ ಎನ್ನುವ ಹಾಗೆ ಡ್ರೈವರಣ್ಣ ಪರದೆಯನ್ನು ಮುಖದ ಹತ್ತಿರ ತಂದುಕೊಂಡ. ಮಾತಾಡಿಸಬಾರದು ಎಂದು ನರ್ಸ್ ಮೊದಲೇ ಹೇಳಿದ್ದಳು. ಮಗಳು ಕಣ್ಣು ಅರ್ಧ ತೆರೆದಳು. ಹೊದಿಕೆಯ ಮೇಲಿದ್ದ ಕೈಯ ಒಂದು ಬೆರಳು ಎದ್ದಿತು. ಮೆಲ್ಲಗೆ ಆ ಕಡೆ ವಾಲಿತು, ಈ ಕಡೆ ವಾಲಿತು. ಮತ್ತೆ ಆ ಕಡೆ.

ಬಸ್ಸು ಹಾಯುವ ವೇಳೆಗೆಲ್ಲ ಅಮ್ಮ ಅವಳಿಗೆ ಹೇಳುತ್ತಿದ್ದಳಂತೆ: “ಈಗ ಅಪ್ಪ ಹೋದ ನೋಡು, ವೈಪರಲ್ಲಿ ಕೈ ಬೀಸಿದ.” ನೀರಿನ ಟ್ಯಾಂಕಿನ ಕಡೆ ತಿರುಗಿ ಅವಳು ದಿನಕ್ಕೆ ಎಂಟು ಸಲ ಬೆರಳು ಆಡಿಸುತ್ತಿದ್ದಳಂತೆ. ಇದು ಆಮೇಲೆ ತಿಳಿದದ್ದು.

ಡ್ರೈವರಣ್ಣ ಅರವತ್ತು ಜನರ ನಡುವೆ ಮೊಣಕೈ ಮಡಿಸಿ, ಇಡೀ ತೋಳನ್ನು ಆ ಕಡೆ ಈ ಕಡೆ ಬೀಸತೊಡಗಿದ. ಬಾಯಲ್ಲಿ ಸಣ್ಣಗೆ “ಕೀರ್, ಕೀರ್” ಎಂದ. ಪಕ್ಕದ ಕುರ್ಚಿಯ ಹೆಂಗಸು ಸ್ವಲ್ಪ ಸರಿದು ಕೂತಳು. ಕಂಡಕ್ಟರ್ ಗೋಡೆಯ ಮೇಲಿನ ಪರದೆಯಲ್ಲಿ ತನಗೆ ಸಂಬಂಧವೇ ಇಲ್ಲದ ನಂಬರುಗಳನ್ನು ಬಹಳ ಗಮನವಿಟ್ಟು ಓದಿದ.

ಅಲ್ಲಿಂದ ಆರನೇ ದಿನ ಒಂಬತ್ತನೇ ಸಾಲು ಹಸಿರಾಯಿತು. ನಲವತ್ತು ದಿನ ಎಂದಿದ್ದದ್ದು ಅರವತ್ತಾಯಿತು. ಮಗಳು ಹಳೆಯ ಹಾಸಿಗೆಗೆ, ಅದೇ ಟ್ಯಾಂಕಿನ ಎದುರಿಗೆ ವಾಪಸು ಹೋದಳು. ಡ್ರೈವರಣ್ಣ ಹನ್ನೊಂದನೇ ನಂಬರಿಗೆ ವಾಪಸು ಬಂದ. ಕಂಡಕ್ಟರ್ ಈಗ ಆಸ್ಪತ್ರೆಯ ವಾಕ್ಯವನ್ನು ಅಕ್ಷರ ಬಿಡದೆ ಮೊದಲು ಓದುತ್ತಾನೆ, ಆಮೇಲೆ ಮನೆ ಮಾತಿಗೆ ಇಳಿಸುತ್ತಾನೆ. ಗೊರಕೆ ನಿಂತಿದೆ. ಹೊಲಿಗೆ ಅಕ್ಕನಿಗೆ ಅದೊಂದು ಬೇಸರ.

ಆದರೂ ಒಂದು ವಿಷಯ ಅವನನ್ನು ಕೊರೆಯುತ್ತಿತ್ತು. ಅವತ್ತು ಡ್ರೈವರಣ್ಣ ಕೊನೇ ಸ್ಟಾಪಿನಲ್ಲಿ ‘ಏನಂತೆ’ ಎನ್ನಲಿಲ್ಲ, ‘ಕೊಡು’ ಎಂದಿದ್ದ. ಕೊನೆಗೆ ಒಂದು ಮಧ್ಯಾಹ್ನ ಕೊನೇ ಸ್ಟಾಪಿನ ಕಟ್ಟೆಯ ಮೇಲೆ ಇಬ್ಬರೂ ಡಬ್ಬಿ ಬಿಚ್ಚಿಕೊಂಡು ಕೂತಾಗ ಬಾಯಿಬಿಟ್ಟ.

“ಅಣ್ಣಾ, ಅವತ್ತು ನಾನು ಸುಳ್ಳು ಹೇಳಿದ್ದು ನಿಮಗೆ ಗೊತ್ತಾಗಿತ್ತು, ಅಲ್ವಾ?”

“ಹೇಳಿದ ತಕ್ಷಣ ಗೊತ್ತಾಯ್ತು. ಬೆಳಿಗ್ಗೆ ಆರು ಗಂಟೆಗೆ ನಿಮ್ಮತ್ತಿಗೆ ಫೋನ್ ಮಾಡಿದ್ಲು. ಏನೋ ಪರೀಕ್ಷೆ ಇದೆ, ಮಧ್ಯಾಹ್ನದ ತನಕ ಬಾಯಿಗೆ ಹನಿ ನೀರೂ ಹಾಕೋ ಹಾಗಿಲ್ಲ ಅಂದಿದ್ಲು. ನೀನು ಹೊಟ್ಟೆ ತುಂಬ ಊಟ ಮಾಡಿಸಿದೆ.”

ಕಂಡಕ್ಟರ್ ಕೈಯಲ್ಲಿದ್ದ ತುತ್ತು ಡಬ್ಬಿಗೆ ವಾಪಸು ಬಿತ್ತು. ಒಂಬತ್ತು ಸ್ಟಾಪು. ತೊಟ್ಟಿಲಿನಂತೆ ಇಳಿದು ಏರಿದ ಬಸ್ಸು. ಆ ಕೀರ್, ಕೀರ್. ಕೇಳಬಾರದು ಎಂದು ಗೊತ್ತಿತ್ತು. ಆದರೂ ಕೇಳಿದ.

“ಗೊತ್ತಿದ್ದೂ... ಆಸ್ಪತ್ರೆ ಮುಂದೇನೇ ನಿಂತಿತ್ತಲ್ಲ ಅಣ್ಣ ಗಾಡಿ. ಗೇಟು ಅಲ್ಲೇ ಇತ್ತು. ಯಾಕೆ ಇಳಿದು ಹೋಗ್ಲಿಲ್ಲ ನೀವು?”

ಡ್ರೈವರಣ್ಣ ಡಬ್ಬಿಯ ಮುಚ್ಚಳ ಹಾಕಿದ.

“ಹೆದರಿಕೆ ಕಣೋ. ಗಾಡಿ ಓಡ್ತಾ ಇರೋ ತನಕ ಅವಳು ಊಟ ಮಾಡಿ ಮಲಗಿದ್ಲಲ್ಲ.”